ಲಗ್ನ ಅನ್ನೂದು ಗುಳಿಗಿ ಅಲ್ಲ

ಬಬಲೇಶ್ವರದ ಒಂದು ಮನೆಯ ಕಟ್ಟೆ. ದೀಪ ಹಚ್ಚುವ ಹೊತ್ತು. ಒಬ್ಬಾಕೆ ಸರ್ಕಾರಿ ದವಾಖಾನೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತಳಾದ ಚಿಗವ್ವ. ಇನ್ನೊಬ್ಬಳು ಟಿಕೋಟಾದಿಂದ ಬಂದ ಅಕ್ಕನ ಮಗಳು. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವ ಇಪ್ಪತ್ತೊಂದರ ಹುಡುಗಿ. ಮರುದಿನ ಮುಂಜಾನೆ ಇಬ್ಬರೂ ವಿಜಯಪುರಕ್ಕೆ ಹೊರಡುವವರು. ನಡುವೆ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಐದು ವರ್ಷದ ಚೀಟಿಗಳು.

ಚಿಗವ್ವ: ಚೀಲದಾಗ ಏನೇನ ಐತಿ, ಒಂದೊಂದ ತಗದ ಇಡು. ಎಷ್ಟ ಡಾಕ್ಟರ ಆದ್ರು ಇಲ್ಲೀ ಮಟಾ?

ಮಗಳು: ಮೂರ ಮಂದಿ. ಮೆಡಿಕಲ್ ಅಂಗಡಿಯವನ್ನ ಲೆಕ್ಕಕ್ಕ ಹಿಡದ್ರ ನಾಕು.

ಚಿಗವ್ವ: ಮೊದಲನೇದವ್ರು ಏನಂದ್ರು?

ಮಗಳು: ಆಗ ನನಗ ಹದಿನಾರು. ನಾಕ ತಿಂಗಳಿಂದ ಮುಟ್ಟ ಬಂದಿದ್ದಿಲ್ಲ. ಒಳಗ ಹೋಗಿ ಕುಂದ್ರೂದ್ರಾಗ ‘ಸ್ಕ್ಯಾನಿಂಗ್ ಮಾಡಿಸ್ಕೊಂಡ ಬರ್ರಿ’ ಅಂದ್ರು. ಎರಡ ಬಾಟ್ಲಿ ನೀರ ಕುಡದು, ಬಸರಿ ಹೆಣ್ಣಮಕ್ಕಳ ನಡುವ ಕುಂತ್ನಿ. ನಮ್ಮೂರಾಕಿ ಒಬ್ಬಾಕಿ ಅಲ್ಲೇ ಇದ್ಳು. ನನ್ನ ಮಾರಿ ನೋಡಿದ್ಳು, ಹೊಟ್ಟಿ ನೋಡಿದ್ಳು, ಆಮ್ಯಾಲ ಅವ್ವನ ಮಾರಿ ನೋಡಿದ್ಳು. ಎದುರಿನ ಗ್ವಾಡಿ ಮ್ಯಾಲ ‘ಇಲ್ಲಿ ಭ್ರೂಣ ಲಿಂಗ ಪತ್ತೆ ಮಾಡುವುದಿಲ್ಲ’ ಅಂತ ಬೋರ್ಡು. ಅವ್ವ ಸೆರಗ ಮುಂದಕ ಎಳಕೊಂಡ ತಲಿ ಕೆಳಗ ಹಾಕಿದ್ಳು. ರಿಪೋರ್ಟ ನೋಡಿ ಡಾಕ್ಟರು, ನನಗಲ್ಲ, ಅವ್ವಗ ಹೇಳಿದ್ರು: ‘ಪಿಸಿಒಡಿ ಐತಿ. ತೂಕ ಇಳಸ್ರಿ. ಲಗ್ನ ಆದ ಮ್ಯಾಲ ಎಲ್ಲಾ ಸರಿ ಹೋಗ್ತೈತಿ.’ ಅಷ್ಟ. ಮುಂದಿನವರನ್ನ ಕರದ್ರು.

ಚಿಗವ್ವ: ಎರಡನೇದವ್ರು?

ಮಗಳು: ಅವ್ರು ಮಾರಿ ಮ್ಯಾಲಿನ ಗುಳ್ಳಿಗೆ ಹಚ್ಚೂದೊಂದು ಮುಲಾಮ ಬರದ್ರು. ಗದ್ದದ ಕೂದಲ ತೋರಿಸಿದ್ರ ‘ಪಾರ್ಲರಿಗೆ ಹೋಗವಾ’ ಅಂದ್ರು. ಮೂರನೇದವ್ರು ಬಿಜಾಪುರದಾಗ ದೊಡ್ಡ ಬೋರ್ಡಿನವ್ರು. ಹೊರಗ ಮೂರ ತಾಸ ಕುಂತ್ನಿ, ಒಳಗ ಎರಡ ನಿಮಿಷ. ‘ವಯಸ್ಸೆಷ್ಟು? ಇಪ್ಪತ್ತಾ? ಹಂಗಾರ ವರ ನೋಡ್ರಿ, ತಡಾ ಮಾಡಬ್ಯಾಡ್ರಿ’ ಅಂದ್ರು. ಅವತ್ತಿನಿಂದ ಅಪ್ಪ ವರ ಹುಡಕಾಕ ಹತ್ಯಾನ, ಅದೂ ನನ್ನ ಔಷಧ ಅಂತ ತಿಳಕೊಂಡು.

ಚಿಗವ್ವ: ಮತ್ತ ಆ ಮೆಡಿಕಲ್ ಅಂಗಡಿಯಂವ?

ಮಗಳು: ಅವನ ಭಾಳ ಚಲೋ ಮನಶಾ! ಏನೂ ಕೇಳೂದಿಲ್ಲ. ಸಿದ್ದೇಶ್ವರ ಜಾತ್ರಿಗೆ ಹೋಗೂದೈತಿ, ಮುಟ್ಟ ಮುಂದ ಹಾಕಬೇಕು ಅಂತ ನಮ್ಮ ವೈನಿ ಕೇಳಿದ್ಳು, ಗುಳಿಗಿ ಕೊಟ್ಟ. ನನಗ ಬರಸಬೇಕು ಅಂದ್ವಿ, ಗುಳಿಗಿ ಕೊಟ್ಟ. ಮನಿಗಿ ಬಂದ ನೋಡಿದ್ರ ಎರಡೂ ಚೀಟಿ ಮ್ಯಾಲ ಒಂದ ಹೆಸರು.

ಚಿಗವ್ವ: ನಗಬ್ಯಾಡ. ಆ ಗುಳಿಗಿ ತಗೋಳೂ ಮಟಾ ಮುಟ್ಟ ನಿಲ್ತೈತಿ, ಬಿಟ್ಟ ಮ್ಯಾಲ ಬರ್ತೈತಿ. ಅದಕ್ಕ ಎರಡೂ ಕೆಲಸಕ್ಕ ಅದ. ಆದರ ಯಾಕ ಬರವಲ್ದು ಅನ್ನೂದನ್ನ ಅದು ಹೇಳೂದಿಲ್ಲ.

ಮಗಳು: ಐದ ವರ್ಷ ಆತು, ಅದನ್ನ ಯಾರೂ ಹೇಳಿಲ್ಲ, ಚಿಗವ್ವ. ನೀರಗುಳ್ಳಿ ಆಗ್ಯಾವು ಅಂತಾರ. ಗುಳ್ಳಿ ಅಂದ್ರ ಒಡದ ಹೋಗಬೇಕಲ್ಲ? ಆಪರೇಶನ್ ಮಾಡಿ ತಗೀಬೇಕಲ್ಲ?

ಚಿಗವ್ವ: ಗುಳ್ಳಿ ಅನ್ನೂ ಹೆಸರ ತಪ್ಪು. ನಿಮ್ಮಪ್ಪನ ದ್ರಾಕ್ಷಿ ತ್ವಾಟ ನೆನಿಸ್ಕೊ. ಗೊನಿಯಾಗ ಕಾಯಿ ಹಿಡೀತಾವು. ತಿಂಗಳಿಗೆ ಒಂದ ಕಾಯಿ ದೊಡ್ಡದಾಗಿ, ಹಣ್ಣಾಗಿ, ಕಳಚಿ ಬೀಳಬೇಕು. ಅದ ತತ್ತಿ. ನಿನ್ನ ಗೊನಿಯಾಗ ಕಾಯಿ ಭಾಳ ಹಿಡದಾವು, ಆದರ ಎಲ್ಲಾ ಸಾಸಿವಿ ಕಾಳಷ್ಟ ಆಗಿ ಅಲ್ಲೇ ನಿಂತಾವು, ಒಂದೂ ಹಣ್ಣಾಗವಲ್ದು. ಸ್ಕ್ಯಾನಿಂಗಿನ್ಯಾಗ ಕಾಣೂದು ಅವ. ಅವನ್ನ ಕಿತ್ತ ಒಗದ್ರ ಬಳ್ಳಿ ಸುದ್ದ ಆಗ್ತೈತೇನು? ತಪ್ಪಿದ್ದು ಬಳ್ಳಿಗೆ ಹರಿಯೂ ಸಾರದಾಗ.

ಮಗಳು: ಏನ ತಪ್ಪೈತಿ ಸಾರದಾಗ?

ಚಿಗವ್ವ: ಭಾಳ ಮಂದ್ಯಾಗ ಇನ್ಸುಲಿನ್ ಅನ್ನೂದು ಮಾಡಬೇಕಾದ ಕೆಲಸ ಮಾಡೂದಿಲ್ಲ. ಕೆಲಸ ಆಗವಲ್ದು ಅಂತ ಮೈ ಇನ್ನಷ್ಟ ಇನ್ಸುಲಿನ್ ಸುರೀತೈತಿ. ಅದು ತತ್ತಿಚೀಲಕ್ಕ ಮುಟ್ಟಿ, ಅಲ್ಲಿ ಗಂಡಸರ ಹಾರ್ಮೋನು ಹೆಚ್ಚ ಮಾಡ್ತೈತಿ. ಗೊಬ್ಬರ ಹೆಚ್ಚಾದ ಬಳ್ಳಿ ಬರೇ ಎಲಿ ಬಿಟ್ಟಂಗ. ಗದ್ದದ ಮ್ಯಾಲ ಕೂದಲ, ನೆತ್ತಿ ಮ್ಯಾಲ ಬಕ್ಕ, ಮಾರಿ ಮ್ಯಾಲ ಗುಳ್ಳಿ, ಮುಟ್ಟ ಇಲ್ಲ, ಎಲ್ಲಾ ಒಂದ ಬೇರಿನವು. ನಿನ್ನ ಕುತ್ತಿಗಿ ತೋರ್ಸು, ಇತ್ತಾಗ ತಿರುಗು.

ಮಗಳು: ಅದ ಹೊಲಸ ಅಂತ ಅವ್ವ ವಾರಕ್ಕೊಮ್ಮಿ ಕಡ್ಲಿ ಹಿಟ್ಟ ಹಚ್ಚಿ ತಿಕ್ತಾಳ. ಉರಿ ಹತ್ತಿ ಅಳೂ ಹಂಗ ಆಗ್ತೈತಿ.

ಚಿಗವ್ವ: ಹೊಲಸ ಅಲ್ಲ ಅದು. ಕುತ್ತಿಗಿ ಹಿಂದ, ಬಗಲಾಗ ಮಖಮಲ್ಲಿನಂಗ ಕಪ್ಪಾಗಿ ದಪ್ಪ ಆದ್ರ, ಇನ್ಸುಲಿನ್ ಹೆಚ್ಚ ಐತಿ ಅಂತ ಚರ್ಮ ಚೀಟಿ ಬರದಂಗ. ಮೂರ ಮಂದ್ಯಾಗ ಒಬ್ಬರರ ನಿನ್ನ ಕುತ್ತಿಗಿ ನೋಡಿದ್ರ?

ಮಗಳು: ಇಲ್ಲ.

ಚಿಗವ್ವ: ಸಕ್ರಿ ತಪಾಸಣಿ?

ಮಗಳು: ಇಲ್ಲ. ನನಗ್ಯಾಕ ಸಕ್ರಿ ರೋಗ, ಇಪ್ಪತ್ತೊಂದಕ್ಕ?

ಚಿಗವ್ವ: ಅದ ನೋಡು ಮೊದಲನೇ ಪರೀಕ್ಷಾ. ಇದು ನಿನ್ನ ಪರೀಕ್ಷಾ ಅಲ್ಲ, ಡಾಕ್ಟರದು. ಈ ಜಡ್ಡ ಇದ್ದವರಿಗೆ ಸಕ್ರಿ ರೋಗ ಬರೂ ಸಂಭವ ಹೆಚ್ಚು, ಸಣ್ಣ ವಯಸ್ಸಿನ್ಯಾಗೂ ಬರ್ತೈತಿ. ಉಪವಾಸ ಹೋಗಿ, 75 ಗ್ರಾಂ ಗ್ಲೂಕೋಸ್ ನೀರಾಗ ಕಲಿಸಿ ಕುಡದು, ಎರಡ ತಾಸ ಬಿಟ್ಟ ಮತ್ತ ರಕ್ತ ಕೊಡೂದು. ಬಿ.ಪಿ. ನೋಡಬೇಕು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ನೋಡಬೇಕು, ಯಾಕಂದ್ರ ಅವು ಕೆಟ್ಟರೂ ಮುಟ್ಟ ನಿಲ್ತೈತಿ. ಟೆಸ್ಟೊಸ್ಟಿರಾನ್ ನೋಡಬೇಕು. ಇವನ್ನೆಲ್ಲಾ ಕೇಳೂ ಡಾಕ್ಟರು ನಿನ್ನ ಜಡ್ಡನ್ನ ಖರೇ ಅಂತ ನಂಬ್ಯಾರ ಅಂತ ತಿಳಕೊ. ಬರೇ ಸ್ಕ್ಯಾನಿಂಗಿಗೆ ಕಳಿಸಿದವರು ಇನ್ನೂ ನಂಬಿಲ್ಲ.

ಮಗಳು: ಹಂಗಾರ ಸ್ಕ್ಯಾನಿಂಗ್ ಬ್ಯಾಡೇನು?

ಚಿಗವ್ವ: ಬ್ಯಾಡ ಅಂತಲ್ಲ. 2003ರಾಗ ರಾಟರ್‌ಡ್ಯಾಮ್ ಅನ್ನೂ ಊರಾಗ ಡಾಕ್ಟರಗೋಳ ಕೂಡಿ ಒಂದ ಅಳತಿ ಮಾಡಿದ್ರು. ಮೂರ ಗುರ್ತು: ತತ್ತಿ ಸರಿಯಾಗಿ ಬಿಡೂದಿಲ್ಲ, ಗಂಡಸರ ಹಾರ್ಮೋನು ಹೆಚ್ಚ ಐತಿ, ಸ್ಕ್ಯಾನಿಂಗಿನ್ಯಾಗ ಕಾಯಿ ಹೆಚ್ಚ ಕಾಣ್ತಾವು. ಮೂರರಾಗ ಎರಡ ಇದ್ದು, ಬ್ಯಾರೆ ಕಾರಣ ಇಲ್ಲಾ ಅಂದ್ರ ಇದ ಜಡ್ಡು. ಮೊದಲಿನೆರಡೂ ಇದ್ರ ಸ್ಕ್ಯಾನಿಂಗ್ ಇಲ್ಲದನ ಹೇಳಬಹುದು. ಇನ್ನೊಂದ ಮಾತು. ನೀ ದೊಡ್ಡಾಕಿ ಆಗಿದ್ದು ಎಷ್ಟಕ್ಕ?

ಮಗಳು: ಹದಿಮೂರಕ್ಕ.

ಚಿಗವ್ವ: ದೊಡ್ಡಾಕಿ ಆಗಿ ಎಂಟ ವರ್ಷ ಆಗೂ ಮಟಾ ಸ್ಕ್ಯಾನಿಂಗ್ ನೋಡಿ ಈ ಜಡ್ಡ ತೀರ್ಮಾನ ಮಾಡಬಾರದು ಅಂತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳ್ತೈತಿ. ಆ ವಯಸ್ಸಿನ್ಯಾಗ ಚಲೋ ಹುಡಿಗ್ಯಾರ ತತ್ತಿಚೀಲದಾಗೂ ಕಾಯಿ ಹೆಚ್ಚ ಕಾಣ್ತಾವು. ಹದಿನಾರಕ್ಕ ನಿನ್ನ ಆ ಬಸರ್ಯಾರ ನಡುವ ಕುಂದರಿಸೂ ಅವಶ್ಯಕತೆನ ಇದ್ದಿಲ್ಲ. ನಿನಗ ಆಗ ಬೇಕಾಗಿದ್ದು ಹತ್ತ ಪ್ರಶ್ನಿ, ಒಂದ ರಕ್ತ ತಪಾಸಣಿ.

ಮಗಳು: ಇಷ್ಟ ತಿಳದಾಕಿ ನೀ, ಐದ ವರ್ಷ ಯಾಕ ಸುಮ್ಮನಿದ್ದಿ?

ಚಿಗವ್ವ: ನಿಮ್ಮವ್ವ ನನಗ ಹೇಳಲಿಲ್ಲ. ಖರೇ ಅಂದ್ರ, ಹೇಳಿದ್ದರೂ ಆಗ ನಾನೂ ಅದನ್ನ ಹೇಳ್ತಿದ್ನಿ.

ಮಗಳು: ಏನು?

ಚಿಗವ್ವ: ‘ಲಗ್ನ ಆದ್ರ ಸರಿ ಹೋಗ್ತೈತಿ.’ ಓಪಿಡಿಯಾಗ ಎಷ್ಟ ಹುಡಿಗ್ಯಾರಿಗೆ ನಾ ಹಂಗ ಹೇಳಿ ಕಳಿಸೇನೋ, ಲೆಕ್ಕ ಇಲ್ಲ. ನಮ್ಮ ನರ್ಸಿಂಗ್ ಪುಸ್ತಕದಾಗ ಇದಕ್ಕ ಸ್ಟೈನ್-ಲೆವೆಂತಾಲ್ ಅಂತ ಹೆಸರಿತ್ತು. 1935ರಾಗ ಶಿಕಾಗೋದ ಇಬ್ಬರ ಡಾಕ್ಟರು ಏಳ ಮಂದಿ ಹೆಂಗಸರನ್ನ ನೋಡಿ ಬರದಿದ್ರು. ಪರೀಕ್ಷಾಕ್ಕ ಬಾಯಿಪಾಠ ಮಾಡಿ ಬರದ್ನಿ. ಆದರ ಎದುರಿಗೆ ಬಂದ ಹುಡಗ್ಯಾಗ ಅದನ್ನ ನೋಡಲಿಲ್ಲ. ಅವರಾಗ ಒಬ್ಬಾಕಿ ಹತ್ತ ವರ್ಷದ ಮ್ಯಾಲ ಬಂದ್ಳು. ಲಗ್ನ ಆಗಿತ್ತು. ಮಕ್ಕಳಾಗಲಿಲ್ಲ ಅಂತ ಗಂಡನ ಮನಿಯವ್ರು ತವರಿಗಿ ಕಳಿಸಿದ್ರು, ಶುಗರ್ ಮುನ್ನೂರ ದಾಟಿತ್ತು. ‘ಅಕ್ಕಾರ, ನೀವ ಹೇಳಿದ್ರಿ, ಲಗ್ನ ಆದ್ರ ಸರಿ ಹೋಗ್ತೈತಿ ಅಂತ’ ಅಂದ್ಳು. ಸಿಟ್ಟಿಲೆ ಅಲ್ಲ, ಸುಮ್ಮ ನೆನಪ ಮಾಡಿಕೊಟ್ಟಂಗ. ಅವತ್ತಿನಿಂದ ನಾ ಓದಾಕ ಹತ್ತೀನಿ.

ಮಗಳು: ಮತ್ತ ಈ ಮಾತ ಎಲ್ಲಿಂದ ಹುಟ್ಟಿತು? ಎಲ್ಲಾರೂ ಒಂದ ಸಾಲಿ ಕಲತಂಗ ಹೇಳ್ತಾರಲ್ಲ?

ಚಿಗವ್ವ: ನಮ್ಮ ಕಡೆ ಹೆಣ್ಣಿನ ಗರ್ಭಚೀಲ ಆಕಿದಲ್ಲ, ಮನಿತನದ್ದು. ಲಗ್ನ ಆಗೂ ಮಟಾ ಅದರ ಸುದ್ದಿ ತಗೀಬಾರದು, ಆದ ಮ್ಯಾಲ ದಿನಾ ಅದ ಸುದ್ದಿ. ಹಡಿಯಾಕ ತೊಡಕಾದ್ರ ಅಷ್ಟ ಅದು ಜಡ್ಡು. ನಿನ್ನ ಕೂದಲ, ನಿನ್ನ ಸಕ್ರಿ, ನಿನ್ನ ನಿದ್ದಿ, ಇವು ಯಾವೂ ಯಾರ ಲೆಕ್ಕಕ್ಕೂ ಬರೂದಿಲ್ಲ. ಅದಕ್ಕ ಡಾಕ್ಟರನ್ನ ಅಳಿಯಾಕ ನಂದು ಒಂದ ಕೋಲು: ಇವ್ರು ಔಷಧ ಕೊಡಾಕತ್ತಿದ್ದು ಯಾರಿಗೆ? ನಿನಗೋ, ಇನ್ನೂ ಹುಟ್ಟಲಾರದ ಕೂಸಿಗೋ?

ಮಗಳು: ನನಗ ಅಂತ ಹೇಳಿದವ್ರು ಇಲ್ಲೀ ಮಟಾ ಒಬ್ಬರೂ ಇಲ್ಲ. ಕೂದಲಿನ ಸುದ್ದಿ ತಗದ್ರ ನಗ್ತಾರ. ನಮ್ಮ ವಿದ್ಯಾಪೀಠದ ಹೆಸರ ನೋಡು, ಕೂದಲನ್ನ ಬಟ್ಟಿ ಮಾಡ್ಕೊಂಡ ಹೋದ ಅಕ್ಕನ ಹೆಸರು. ‘ಅಕ್ಕನ್ನ ನೋಡಿ ಧೈರ್ಯ ತಗೋ’ ಅಂತ ಒಬ್ಬರ ಮೇಡಮ್ ಹೇಳಿದ್ರು. ಅಕ್ಕನ ಕೂದಲ ತಲಿ ಮ್ಯಾಲಿಂದು, ಚಿಗವ್ವ. ನಂದು ಗದ್ದದ ಮ್ಯಾಲಿಂದು. ದಿನಾ ಮುಂಜಾನೆ ಬಾಗಲ ಹಾಕ್ಕೊಂಡ ಚಿಮಟಿಲೆ ಕೀಳ್ತೀನಿ. ಬಸ್ಸಿನ್ಯಾಗ ಕಿಟಕಿ ಕಡೆ ಕುಂದರೂದಿಲ್ಲ, ಬೆಳಕ ಬೀಳ್ತೈತಿ ಅಂತ.

ಚಿಗವ್ವ: ಅದನ್ನ ನಾಳೆ ಹೇಳು. ಇದ ಮಾತು, ಇದ ಶಬ್ದದಾಗ. ಈ ಜಡ್ಡ ಇದ್ದವರನ್ನ ‘ಮನಸಿಗೆ ಹ್ಯಾಂಗನಸ್ತೈತಿ, ನಿದ್ದಿ ಬರ್ತೈತೇನು’ ಅಂತನೂ ಕೇಳಬೇಕು ಅಂತ ಅದ ಮಾರ್ಗಸೂಚಿಯಾಗ ಐತಿ. ಅವ್ರು ಕೇಳದಿದ್ರೂ ನೀ ಹೇಳು. ಭಾಳ ಭಾರ ಆದ ದಿವಸ ಟೆಲಿ ಮಾನಸ್, 14416ಕ್ಕ ಫೋನ್ ಮಾಡು. ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ.

ಮಗಳು: ಎರಡ ನಿಮಿಷದಾಗ ಇದನ್ನೆಲ್ಲಾ ಯಾವಾಗ ಹೇಳೂದು?

ಚಿಗವ್ವ: ಅದ ಮಾತಿಗೆ ಬರೋಣ. ಡಾಕ್ಟರನ್ನೂ ಬರೇ ಬೈಯಬ್ಯಾಡ. ನಾ ಬಾಗಲದಾಗ ನಿಂತ ನೋಡೇನಿ. ಒಬ್ಬರ ಡಾಕ್ಟರು, ಹೊರಗ ನೂರ ಮಂದಿ, ನಡುವ ಹೆರಿಗಿ ಕರಿ. ಅಲ್ಲಿ ಹುಡಿಗಿ ತಲಿ ಬಗ್ಗಿಸಿ ಕುಂತಿರ್ತಾಳ, ತಾಯಿ ‘ಮುಟ್ಟ ಸರಿ ಇಲ್ರಿ’ ಅಂತ ಒಂದ ಮಾತ ಹೇಳಿ ಸುಮ್ಮನಾಗ್ತಾಳ. ಅಷ್ಟರಾಗ ಅವ್ರು ಏನ ತಿಳೀಬೇಕು? ನಿಮ್ಮಪ್ಪನ್ನ ನೋಡು. ದ್ರಾಕ್ಷಿ ಬಳ್ಳಿ ಸವರಿ, ಚಾಟ್ನಿ ಆಗಿ ಇವತ್ತಿಗೆ ಎಷ್ಟ ದಿವಸ ಅಂತ ಕೇಳಿದ್ರ ನಿದ್ದಿಗಣ್ಣಾಗೂ ಹೇಳ್ತಾನ. ಯಾವ ದಿವಸ ಯಾವ ಔಷಧ ಹೊಡದ, ಯಾವಾಗ ಮೋಡ ಆಗಿತ್ತು, ಎಲ್ಲಾ ಡೈರಿಯಾಗ ಐತಿ. ಬಳ್ಳಿದು ಅಷ್ಟ ಲೆಕ್ಕ ಇಡೂ ಮನಿಯಾಗ ಹುಡುಗಿ ಮೈದು ಒಂದ ಗೆರಿ ಇಲ್ಲ. ಹಿಂದಿನ ಮುಟ್ಟ ಯಾವಾಗ?

ಮಗಳು: ಪಂಚಮಿ ಮುಂದ... ಇಲ್ಲ, ಗಣಪತಿ ಹಬ್ಬದಾಗ ಇರಬೇಕು.

ಚಿಗವ್ವ: ನೋಡಿದಿ? ಒಂದ ಹಾಳಿ ತಗೋ. ಮ್ಯಾಲ ನಿನ್ನ ವಯಸ್ಸು, ದೊಡ್ಡಾಕಿ ಆದ ವರ್ಷ. ಅದರ ಕೆಳಗ ವರ್ಷದಾಗ ಎಷ್ಟ ಸಲ ಬಂತು, ನೆನಪಿದ್ದಷ್ಟು. ವರ್ಷದಾಗ ಎಂಟಕ್ಕಿಂತ ಕಮ್ಮಿ, ಇಲ್ಲಾ ಮೂವತ್ತೈದ ದಿವಸ ದಾಟಿ ಬರೂದು, ನಿನ್ನ ವಯಸ್ಸಿಗೆ ಅದು ಸರಿ ಅಲ್ಲ. ಗುಳಿಗಿ ತಗೊಂಡ ಬರಿಸಿದ್ದನ್ನ ಬ್ಯಾರೆ ಬರಿ. ಕೂದಲ ಎಲ್ಲೆಲ್ಲಿ, ಯಾವಾಗಿನಿಂದ. ತೂಕ ಯಾವಾಗ ಏರಿತು. ಮನಿಯಾಗ ಶುಗರ್ ಯಾರ್ಯಾರಿಗೆ.

ಮಗಳು: ಅಜ್ಜಗ, ಅಪ್ಪಗ. ಅವ್ವಗ ನನ್ನ ಹಡಿಯೂ ಮುಂದ ಬಂದಿತ್ತಂತ, ಆಮ್ಯಾಲ ಹೋತಂತ.

ಚಿಗವ್ವ: ಬರಿ, ಬರಿ. ಇದ ಮುಖ್ಯ. ಆಮ್ಯಾಲ ಕಡೀಕ ಒಂದ ಸಾಲು: ‘ನನಗ ಬೇಕಾದ್ದು ಏನು.’ ಮುಟ್ಟ ಸರಿ ಆಗೂದೋ, ಕೂದಲ ಕಮ್ಮಿ ಆಗೂದೋ, ಶುಗರ್ ಬರಲಾರದ ಹಂಗ ನೋಡ್ಕೊಳ್ಳೂದೋ. ಎಲ್ಲಾದಕ್ಕೂ ಒಂದ ಗುಳಿಗಿ ಇಲ್ಲ. ನಿನ್ನ ತ್ರಾಸ ಯಾವುದು ಹೆಚ್ಚು ಅಂತ ಕೇಳಿ ಔಷಧ ಆರಿಸಬೇಕು.

ಮಗಳು: ನನ್ನ ರೂಮಿನಾಕಿ ಒಬ್ಬಾಕಿಗೂ ಐತಿ. ಕಡ್ಡಿಯಂಗ ಅದಾಳ. ‘ನೀ ತೆಳ್ಳಗಿದ್ದಿ, ನಿನಗೆಲ್ಲಿ ಪಿಸಿಒಡಿ’ ಅಂತ ಒಬ್ರು ಹೊರಗ ಕಳಿಸಿದ್ರಂತ. ನನಗ ನೋಡಿದ್ರ ತೂಕ ಇಳಸು, ಇಲ್ಲಾಂದ್ರ ಬರಬ್ಯಾಡ ಅಂತಾರ.

ಚಿಗವ್ವ: ತೆಳ್ಳಗಿದ್ದವರಿಗೂ ಬರ್ತೈತಿ. ತೂಕ ಇದ್ದವರಿಗೆ ಸ್ವಲ್ಪ ಇಳಿದರೂ ಲಾಭ ಐತಿ ಅನ್ನೂದೂ ಖರೇ. ಆದರ ಈ ಜಡ್ಡಿನ ಹಾರ್ಮೋನನ ತೂಕ ಏರಸಬಹುದು, ಇಳಸೂದನ್ನ ಕಷ್ಟ ಮಾಡಬಹುದು. ‘ತೂಕ ಇಳಿಸಿ ಆಮ್ಯಾಲ ಬಾ’ ಅನ್ನೂದು ಜ್ವರಾ ಬಿಟ್ಟ ಮ್ಯಾಲ ದವಾಖಾನಿಗೆ ಬಾ ಅಂದಂಗ. ನಿನಗ ಊಟದ ಚೀಟಿ ಏನ ಕೊಟ್ಟಾರ?

ಮಗಳು: ಛಾಪಿಸಿದ್ದು ಒಂದ ಐತಿ. ಓಟ್ಸು, ಬ್ರೊಕೊಲಿ, ಆಲಿವ್ ಎಣ್ಣಿ. ಟಿಕೋಟಾದ ಸಂತ್ಯಾಗ ಬ್ರೊಕೊಲಿ ಎಲ್ಲಿ ಹುಡಕ್ಲಿ?

ಚಿಗವ್ವ: ಹರದ ಒಗಿ. ಈ ಜಡ್ಡಿಗೆ ಇಂಥಾದ ಊಟ ಅಂತ ಬ್ಯಾರೆ ಇಲ್ಲ, ಮಾಡಿ ನಿಭಾಯಿಸೂ ಹಂಗ ಇರೂದ ಚಲೋ. ಎರಡ ಬಿಳಿ ಜ್ವಾಳದ ರೊಟ್ಟಿ, ಮಡಿಕಿ ಕಾಳಿನ ಪಲ್ಯ, ಮೆಂತ್ಯ ತಪ್ಪಲ, ಮಜ್ಜಗಿ, ಇದಕ್ಕಿಂತ ಏನ ಬೇಕು? ಚಹಾದಾಗಿನ ಸಕ್ರಿ ಬಿಡು, ಶೆಡ್ಡಿನ್ಯಾಗಿನ ಒಣದ್ರಾಕ್ಷಿ ಮುಷ್ಟಿಗಟ್ಟಲೆ ಬಾಯಾಗ ಒಗಿಯೂದ ಬಿಡು. ವಾರಕ್ಕ ಎರಡೂವರಿ ತಾಸರ ಜೋರ ನಡಿ.

ಮಗಳು: ಸಂಜಿಮುಂದ ಟಿಕೋಟಾದ ರೋಡಿಗೆ ಒಬ್ಬಾಕಿ ಜೋರ ನಡದ್ರ, ಮರುದಿವಸ ಅಪ್ಪನ ಕಿವಿಗೆ ಸುದ್ದಿ ಮುಟ್ಟತೈತಿ.

ಚಿಗವ್ವ: ತೊರವಿ ಕ್ಯಾಂಪಸಿನ್ಯಾಗ ನಡಿ, ಆ ಕಡ್ಡಿಯಂಥಾಕಿನ್ನೂ ಕರಕೊಂಡ. ಅಲ್ಲಿ ಎಲ್ಲಾ ಹೆಣ್ಣಮಕ್ಕಳ.

ಮಗಳು: ಇನ್ನೊಂದ ಹೆದರಿಕಿ ಐತಿ. ನಮ್ಮ ಕ್ಲಾಸಿನ ಹುಡಿಗಿಗೆ ಡಾಕ್ಟರು ಗುಳಿಗಿ ಬರದ್ರು. ಅವರವ್ವ ಪಾಕೀಟ ನೋಡಿ, ‘ಇವು ಮಕ್ಕಳಾಗಲಾರದ ಗುಳಿಗಿ, ಲಗ್ನ ಇಲ್ಲದಾಕಿಗೆ ಯಾಕ’ ಅಂತ ಹೊಡದ್ಳಂತ.

ಚಿಗವ್ವ: ಅವ ಗುಳಿಗಿನ ಇದಕ್ಕೂ ಕೊಡ್ತಾರ. ಮುಟ್ಟ ಕ್ರಮಕ್ಕ ತರ್ತಾವು, ಗಂಡಸರ ಹಾರ್ಮೋನು ಇಳಸ್ತಾವು, ಕೂದಲ, ಗುಳ್ಳಿ ಕಮ್ಮಿ ಮಾಡ್ತಾವು. ತಿಂಗಳಗಟ್ಟಲೆ ಮುಟ್ಟ ಬರದ ಗರ್ಭಚೀಲದ ಪದರ ದಪ್ಪ ಆಗ್ತಾ ಹೋದ್ರ ಮುಂದ ಕ್ಯಾನ್ಸರಿನ ಭಯ ಐತಿ, ಅದಕ್ಕೂ ಇವು ಕಾಪಾಡ್ತಾವು. ಆದರ ಎಲ್ಲಾರಿಗೂ ಆಗೂದಿಲ್ಲ. ಅರ್ಧ ತಲಿನೋವು, ಬಿ.ಪಿ., ರಕ್ತ ಹೆಪ್ಪಗಟ್ಟಿದ್ದು ಮನಿತನದಾಗ ಐತೇನ ಅಂತ ಕೇಳಿ ಕೊಡಬೇಕು. ಕೇಳದನ ಬರಕೊಟ್ರ ನೀನ ಕೇಳು. ಚಲೋ ಡಾಕ್ಟರು ಪಾಕೀಟನ್ನ ತಾಯಿ ಕೈಯಾಗ ಕೊಟ್ಟು, ಯಾಕ ಕೊಡ್ತೀವಿ ಅಂತ ತಿಳಿಸಿ ಹೇಳ್ತಾರ. ಇನ್ನೂ ಚಲೋ ಡಾಕ್ಟರು ಅದಕ್ಕೂ ಮೊದಲ ಎರಡ ನಿಮಿಷ ತಾಯಿನ್ನ ಹೊರಗ ಕಳಿಸಿ ನಿನ್ನ ಜೋಡಿ ಮಾತಾಡ್ತಾರ. ಬಸರ ತಪಾಸಣಿ ಮಾಡೋಣು ಅಂದ್ರ ಸಿಟ್ಟಿಗೇಳಬ್ಯಾಡ. ಮುಟ್ಟ ನಿಂತ ಯಾರಿಗಾದ್ರೂ ಮಾಡೂದು ಅದು, ನಿನ್ನ ನಡತಿ ಮ್ಯಾಲಿನ ಮಾತಲ್ಲ.

ಮಗಳು: ಮಕ್ಕಳ ಆಗೂದಿಲ್ಲ ಅನ್ನೂದು?

ಚಿಗವ್ವ: ಅದೂ ಸುಳ್ಳು. ಭಾಳ ಮಂದಿಗೆ ಆಗ್ತಾವು, ಕೆಲವರಿಗೆ ತಾವಾಗೇ, ಕೆಲವರಿಗೆ ತತ್ತಿ ಬಿಡಸೂ ಗುಳಿಗಿಯಿಂದ. ಆದರ ಅದ ನೀ ಬಯಸಿದ ದಿವಸದ ಪ್ರಶ್ನಿ. ನಾಳಿನ ಪ್ರಶ್ನಿ ಅಲ್ಲ.

ಮಗಳು: ಹಂಗಾರ ನಾಳೆ ಎಲ್ಲಿಗೆ? ಮತ್ತೊಂದ ದೊಡ್ಡ ಬೋರ್ಡಿಗೇನು?

ಚಿಗವ್ವ: ನಾಳೆ ಮೆಡಿಕಲ್ ಕಾಲೇಜಿನ ದವಾಖಾನಿಗೆ. ಬಿಜಾಪುರಕ್ಕ ಎರಡ ಅದಾವು: ಸೋಲಾಪುರ ರೋಡಿಗೆ ಬಿ.ಎಂ. ಪಾಟೀಲ, ಅಥಣಿ ರೋಡಿಗೆ ಅಲ್-ಅಮೀನ್. ಜಿಲ್ಲಾ ಆಸ್ಪತ್ರಿನೂ ಐತಿ. ಮೆಡಿಕಲ್ ಕಾಲೇಜಿನ್ಯಾಗ ಹೆಣ್ಣಮಕ್ಕಳ ವಿಭಾಗ, ಮೆಡಿಸಿನ್, ಚರ್ಮದ ವಿಭಾಗ ಒಂದ ಕಡೆ ಇರ್ತಾವು. ನಿನ್ನ ಜಡ್ಡ ಮೂವರದೂ ಕೆಲಸ. ಅಲ್ಲಿ ಓದೂ ಸಣ್ಣ ಡಾಕ್ಟರು ಮೊದಲ ನಿನ್ನ ಪೂರ್ತಿ ಕತಿ ಕೇಳಿ ಬರಕೊಳ್ತಾರ, ಕಲಿಯೂದ ಅವರ ಕೆಲಸ. ನಿನ್ನ ಹಾಳಿ ಅವರ ಕೈಯಾಗ ಕೊಡು.

ಮಗಳು: ಅಲ್ಲೂ ಲಗ್ನ ಮಾಡ್ರಿ ಅಂದ್ರ?

ಚಿಗವ್ವ: ಎದ್ದ ಬ್ಯಾರೆ ಕಡೆ ಹೋಗೂಣು. ಇನ್ನೊಬ್ಬರ ಅಭಿಪ್ರಾಯ ಕೇಳೂದು ರೋಗಿಯ ಹಕ್ಕು, ಮಾನವ ಹಕ್ಕುಗಳ ಆಯೋಗದ ಪಟ್ಟಿಯಾಗ ಐತಿ. ಗಂಡಸ ಡಾಕ್ಟರು ಮೈ ಮುಟ್ಟಿ ನೋಡೂವಾಗ ಬಾಜುಕ ಒಬ್ಬಾಕಿ ಹೆಣ್ಣಮಗಳ ಇರಬೇಕು ಅನ್ನೂದೂ ಅದರಾಗ ಐತಿ. ನಿನ್ನ ದಾಖಲಿ ಬರದ ಕೇಳಿದ್ರ 72 ತಾಸಿನ್ಯಾಗ ಕೊಡಬೇಕು ಅಂತ 2002ರ ವೈದ್ಯರ ನಿಯಮದಾಗ ಐತಿ. ನಿನ್ನ ತಂಗಿಗೆ ಹದಿನಾಲ್ಕಲ್ಲ? ಆಕಿನ್ನ ಈಗ ಸ್ನೇಹ ಕ್ಲಿನಿಕ್ಕಿಗೆ ಕರಕೊಂಡ ಹೋಗಾಕ ನಿಮ್ಮವ್ವಗ ಹೇಳು. ಸರ್ಕಾರಿ ದವಾಖಾನಿಯಾಗ ಹತ್ತರಿಂದ ಹತ್ತೊಂಬತ್ತ ವರ್ಷದ ಮಕ್ಕಳ ಸಲುವಾಗಿ ಇರೂದು ಅದು. ನಿನ್ನಂಗ ಐದ ವರ್ಷ ಆಕಿ ಕಳೀಬಾರದು.

ಮಗಳು: ನನಗ ಒಬ್ಬಾಕಿಗ ಹಿಂಗಾಗೈತಿ ಅಂತ ತಿಳಕೊಂಡಿದ್ನಿ, ಚಿಗವ್ವ.

ಚಿಗವ್ವ: ಒಬ್ಬಾಕಿ? ಐಸಿಎಂಆರ್‌ನವರು ದೇಶದಾಗ ಹದಿನೆಂಟರಿಂದ ನಲವತ್ತರ ಹೆಣ್ಣಮಕ್ಕಳನ್ನ ನೋಡಿ 2024ರಾಗ ಲೆಕ್ಕ ಕೊಟ್ಟಾರ. ಹಳೀ ಬಿಗಿ ಅಳತಿಯಿಂದ ಅಳದ್ರ ನೂರಕ್ಕ 7, ರಾಟರ್‌ಡ್ಯಾಮ್ ಅಳತಿಯಿಂದ ಸುಮಾರ 20. ಜಗತ್ತಿನ್ಯಾಗ ಈ ಜಡ್ಡ ಇದ್ದವರಾಗ ನೂರಕ್ಕ 70ರ ಮಟಾ ಮಂದಿಗೆ ತಮಗ ಇದು ಐತಿ ಅನ್ನೂದ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತೈತಿ. ನಾಳೆ ಬಸ್ಸಿನ್ಯಾಗ ಎಣಿಸು. ಕಿಟಕಿ ಕಡೆ ಕುಂದ್ರಲಾರದಾಕಿ ನೀ ಒಬ್ಬಾಕಿನ ಅಲ್ಲ.

ಮಗಳು: ಅವ್ವಗ ಏನ ಹೇಳ್ಲಿ?

ಚಿಗವ್ವ: ಕುತ್ತಿಗಿ ತಿಕ್ಕೂದ ಬಿಡು ಅಂತ ಹೇಳು, ಮೊದಲ ಅದು. ಅಪ್ಪಗ ನಾ ಹೇಳ್ತೀನಿ: ವರ ನೋಡೂದಿದ್ರ ನೋಡು, ಆದರ ಔಷಧ ಅಂತ ನೋಡಬ್ಯಾಡ. ಈಗ ಆ ಹಾಳಿ ಮಡಚಿ ಚೀಲದಾಗ ಇಡು. ಗ್ಲೂಕೋಸ್ ತಪಾಸಣಿ ಹೇಳ್ಯಾರು, ರಾತ್ರಿ ಊಟ ಆದ ಮ್ಯಾಲ ನೀರ ಬಿಟ್ರ ಏನೂ ಬ್ಯಾಡ. ಬಸ್ಸಿಗೆ ರೊಕ್ಕ ಬೇಕಾಗಿಲ್ಲ, ಆಧಾರ ಕಾರ್ಡ ಮರೀಬ್ಯಾಡ.

ಮಗಳು: ಡಾಕ್ಟರ ಮುಂದ ನೀನ ಮಾತಾಡು, ಚಿಗವ್ವ. ನಿನಗ ಎಲ್ಲಾ ಗೊತ್ತೈತಿ.

ಚಿಗವ್ವ: ಚೀಟಿ ಮಾಡಸೂ ಮಟಾ ನಿನ್ನ ಜೋಡಿ ಸಾಲಿನ್ಯಾಗ ನಿಂದರ್ತೀನಿ. ಒಳಗ ಬಂದ ಬಾಜುಕ ಕುಂದರ್ತೀನಿ. ಆದರ ಅವ್ರು ‘ಏನ ತ್ರಾಸ ಐತಿ’ ಅಂತ ಕೇಳಿದ್ರ ನಾ ಬಾಯಿ ತಗಿಯೂದಿಲ್ಲ. ಅದನ್ನ ನೀನ ಹೇಳಬೇಕು.